ತಾಂಡೂರಿನಿಂದ 128 ಕಳೆದರೆ

ತಾಂಡೂರು. ನಮ್ಮ ಕಣ್ಣಿಗೆ ಮೂರೇ ಅಕ್ಷರ: ತಾಂ, ಡೂ, ರು. ಬ್ರೌಸರಿಗೆ ಮಾತ್ರ ಇದು ಏಳು ಸಂಖ್ಯೆಗಳ ಸಾಲು. ತ, ಇಳಿ, ಸೊನ್ನೆ, ಡ, ಕೊಂಬಿನಿಳಿ, ರ, ಕೊಂಬು. ಒಂದೊಂದಕ್ಕೂ ಯೂನಿಕೋಡ್ ಪಟ್ಟಿಯಲ್ಲಿ ಒಂದೊಂದು ನಂಬರು. ನಮ್ಮ ತ ಅಲ್ಲಿ 3236. ಈಗ ಈ ಏಳೂ ಸಂಖ್ಯೆಗಳಿಂದ ತಲಾ 128 ಕಳೆದು ನೋಡಿ. ಪರದೆಯ ಮೇಲೆ ಬರುವುದು ತೆಲುಗಿನ ತಾಂಡೂರು! ಏನೂ ಹೆಚ್ಚಿಲ್ಲ, ಏನೂ ಕಡಿಮೆಯಿಲ್ಲ, ಇಳಿಯ ಜಾಗದಲ್ಲಿ ತೆಲುಗಿನ ದೀರ್ಘ, ಸೊನ್ನೆಯ ಜಾಗದಲ್ಲಿ ಸೊನ್ನೆ.

ಇದು ಮಾಟವಲ್ಲ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚಿನ ಪಟ್ಟಿ ಇರಲೆಂದು ರೂಪಿಸಿದ ಇಸ್ಕಿ ಸಂಕೇತ ವ್ಯವಸ್ಥೆಯ 1988ರ ರೂಪವನ್ನೇ ಯೂನಿಕೋಡ್ ಆಧಾರವಾಗಿಟ್ಟುಕೊಂಡಿತು. ಪ್ರತಿ ಲಿಪಿಗೂ 128 ಮನೆ, ಕ ಎಲ್ಲದರಲ್ಲೂ ಅದೇ ಮನೆಯಲ್ಲಿ. ಪಟ್ಟಿಯಲ್ಲಿ ತೆಲುಗು ಮುಗಿದ ಮರುಮನೆಯಿಂದಲೇ ಕನ್ನಡ ಶುರು. ತಾಂಡೂರಿನವರಿಗೆ ಈ ನೆರೆಹೊರೆ ಹೊಸದೇನಲ್ಲ. 1956ರ ನವೆಂಬರ್ 1ರವರೆಗೆ ಅವರದು ಗುಲ್ಬರ್ಗಾ ಜಿಲ್ಲೆ; ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯ ತಾಲೂಕುಗಳು. ರಾಜ್ಯಗಳ ಗಡಿ ಸರಿದ ಮೇಲೆ ತಾಂಡೂರು ಈಗ ವಿಕಾರಾಬಾದ್ ಜಿಲ್ಲೆ, ಉಳಿದೆರಡು ಸಂಗಾರೆಡ್ಡಿ ಜಿಲ್ಲೆ. ಆಡಳಿತ ತೆಲುಗು, ಎರಡನೇ ರಾಜ್ಯಭಾಷೆ ಉರ್ದು, ಮನೆ ಮಾತು ಎಷ್ಟೋ ಮನೆಗಳಲ್ಲಿ ಕನ್ನಡ.

ಹಾಗಾದರೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ತಾಂಡೂರು ಎಂದು ಒಂದೇ ಸಾಲಿನಲ್ಲಿ ಬರೆದು ಫೋನಿನ ಬ್ರೌಸರಿಗೆ ಕೊಟ್ಟರೆ ಒಳಗೆ ಏನಾಗುತ್ತದೆ? ಅಬ್ಬಾ, ಏನೇನು ಆಗುತ್ತದೆ ಅನ್ನಿ!

ಮೊದಲ ಮಜಲುಗಳನ್ನು ಬೇಗ ದಾಟೋಣ. ಬಂದ ಎಚ್‌ಟಿಎಂಎಲ್ ಓದಿ ಬ್ರೌಸರ್ ಒಂದು ವಂಶವೃಕ್ಷ ಕಟ್ಟುತ್ತದೆ: ಪುಟದೊಳಗೆ ವಿಭಾಗ, ವಿಭಾಗದೊಳಗೆ ಪ್ಯಾರಾ, ಪ್ಯಾರಾದೊಳಗೆ ಪಠ್ಯ. ಸಿಎಸ್‌ಎಸ್ ಓದಿ ಯಾರಿಗೆ ಯಾವ ಬಣ್ಣ, ಯಾವ ಗಾತ್ರ ಎಂದು ಹಚ್ಚುತ್ತದೆ. ಆಮೇಲೆ ಎಲ್ಲವೂ ಪೆಟ್ಟಿಗೆಗಳು. ಇಲ್ಲೊಂದು ಸೊಗಸಾದ ನಿಯಮವಿದೆ, ಸಾಮಾನ್ಯವಾಗಿ ಅಗಲ ಮೇಲಿನಿಂದ ಇಳಿಯುತ್ತದೆ, ಎತ್ತರ ಕೆಳಗಿನಿಂದ ಏರುತ್ತದೆ. ಪರದೆಯ ಅಗಲ 360 ಪಿಕ್ಸೆಲ್ ಎಂದು ಹಿರಿಯ ಪೆಟ್ಟಿಗೆ ಮಕ್ಕಳಿಗೆ ಹೇಳುತ್ತದೆ, ಮಕ್ಕಳು ಮೊಮ್ಮಕ್ಕಳಿಗೆ. ಕಟ್ಟಕಡೆಯ ಸಾಲು ಕೂತ ಮೇಲೆ ‘ನನಗೆ ಇಷ್ಟು ಎತ್ತರ ಬೇಕಾಯಿತು’ ಎಂಬ ಉತ್ತರ ಹಿಂದಕ್ಕೆ ಹೊರಡುತ್ತದೆ. ಟೇಬಲ್ ಬಂದರೆ ಈ ನಿಯಮ ಕೆಡುತ್ತದೆ. ಅದು ಅಗಲ ಹಂಚುವ ಮೊದಲು ಪ್ರತಿ ಮನೆಯನ್ನೂ ಕೇಳಿ ಬರುವ ಜಾತಿ. ಅಳತೆಯೋ, ಪಿಕ್ಸೆಲ್ಲಿಗಿಂತ ಸೂಕ್ಷ್ಮ! ಕ್ರೋಮ್ ಒಂದು ಪಿಕ್ಸೆಲ್ಲನ್ನು 64 ಪಾಲು ಮಾಡಿ ಅಳೆಯುತ್ತದೆ, ಫೈರ್‌ಫಾಕ್ಸ್ 60 ಪಾಲು.

ಆದರೆ ನಿಜವಾದ ಬೆರಗು ಪೆಟ್ಟಿಗೆಗಳಲ್ಲಿಲ್ಲ, ಸಾಲಿನೊಳಗಿದೆ. ತಾಂಡೂರು ಕಲ್ಲು ಹಾಸುವವನು ಕೋಣೆ ಅಳೆದು ಚಪ್ಪಡಿ ಕೂರಿಸುತ್ತಾನೆ. ಇಟ್ಟ ಮೇಲೆ ಚಪ್ಪಡಿ ಪಕ್ಕದ್ದನ್ನು ನೋಡಿ ಆಕಾರ ಬದಲಿಸುವುದಿಲ್ಲವಲ್ಲ! ಅಕ್ಷರ ಬದಲಿಸುತ್ತದೆ.

‘ಸೂರ್ಯ’ ಎಂಬ ಪದ ನೋಡಿ. ಕಡತದಲ್ಲಿರುವ ಕ್ರಮ: ಸ, ಕೊಂಬಿನಿಳಿ, ರ, ಹಲಂತ, ಯ. ಅಂದರೆ ರ್ ಮೊದಲು, ಯ ಆಮೇಲೆ. ಪರದೆಯ ಮೇಲೆ? ಯ ಮುಂದೆ ಬಂದು ನಿಂತಿದೆ, ರ್ ಅರ್ಕಾವೊತ್ತಾಗಿ ಅದರ ಬೆನ್ನಿಗೆ ಹತ್ತಿದೆ. ಈಗ ಈ ಐದಕ್ಕೂ ಅದೇ 128 ಕಳೆಯಿರಿ. ತೆಲುಗಿನ ಸೂರ್ಯ ಬರುತ್ತದೆ, ಕ್ರಮ ಅದೇ, ರೂಪ ಬೇರೆ: ಅಲ್ಲಿ ರ ಇದ್ದಲ್ಲೇ ಪೂರ್ತಿಯಾಗಿ ನಿಲ್ಲುತ್ತದೆ, ಯ ಒತ್ತಾಗಿ ತಗುಲಿಕೊಳ್ಳುತ್ತದೆ! ಸಂಖ್ಯೆಗಳ ಲೆಕ್ಕದಲ್ಲಿ ಅವಳಿಗಳಂತಿದ್ದ ಎರಡು ಲಿಪಿಗಳು ಚಿತ್ರವಾಗುವ ಹೊತ್ತಿಗೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಈ ಕೆಲಸಕ್ಕೆ ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳೊಳಗೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಸಫಾರಿಗೆ ಆಪಲ್ಲಿನದೇ ಕೋರ್ ಟೆಕ್ಸ್ಟ್. ಸಾಲನ್ನು ಲಿಪಿ ಬದಲಾದಲ್ಲಿ, ಫಾಂಟ್ ಬದಲಾದಲ್ಲಿ ಬ್ರೌಸರ್ ತುಂಡು ಮಾಡಿ ಕೊಡುತ್ತದೆ; ಪ್ರತಿ ತುಂಡನ್ನೂ ಆ ಲಿಪಿಯ ಕಟ್ಟಳೆಯಂತೆ ಜೋಡಿಸಿ, ಯಾವ ಚಿತ್ರ ಎಲ್ಲಿ ಕೂರಬೇಕೆಂದು ಈ ತಂತ್ರಾಂಶ ಹೇಳುತ್ತದೆ. ಹಳೆಯ ಕನ್ನಡ ಜಾಲತಾಣಗಳಿಗೆ ಈ ಭಾಗ್ಯವಿರಲಿಲ್ಲ. ಆಗ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ತುಂಬಿದ ಫಾಂಟುಗಳಿದ್ದವು. ಬ್ರೌಸರ್ ಇಂಗ್ಲಿಷ್ ಜೋಡಿಸುತ್ತಿದ್ದೇನೆಂದೇ ನಂಬಿತ್ತು. ಪಾಪ.

ಇನ್ನು ಉರ್ದು. ಅಲ್ಲಿ ತಾಂಡೂರಿಗೆ ಆರು ಅಕ್ಷರ. ಕಡತದಲ್ಲಿ ಮೊದಲ ಅಕ್ಷರವೇ ಮೊದಲು. ಪರದೆಯಲ್ಲಿ ಅದು ಬಲತುದಿಗೆ. ಕನ್ನಡ ಎಡದಿಂದ ಹರಿದು ಬಂದು, ಉರ್ದು ತುಂಡು ಸಿಕ್ಕಿದಾಗ ಓದು ಅದರ ಬಲತುದಿಗೆ ಹಾರಿ, ಎಡಕ್ಕೆ ನಡೆದು, ಮತ್ತೆ ಬಲಕ್ಕೆ ಜಿಗಿದು ಕನ್ನಡ ಮುಂದುವರಿಯುತ್ತದೆ! ಆ ಉರ್ದು ತುಂಡಿನಲ್ಲಿ 1956 ಎಂದಿದ್ದರೆ ಅಂಕಿಗಳು ಮಾತ್ರ ಎಡದಿಂದಲೇ. ಅಲ್ಪವಿರಾಮಕ್ಕೆ ಸ್ವಂತ ದಿಕ್ಕೇ ಇಲ್ಲ. ಎರಡು ಉರ್ದು ಪದಗಳ ನಡುವೆ ಸಿಕ್ಕರೆ ಉರ್ದುವಿನ ಜೊತೆ, ಗಡಿಯಲ್ಲಿ ನಿಂತರೆ ಪ್ಯಾರಾದ ದಿಕ್ಕಿನ ಜೊತೆ. ಇದಕ್ಕೆಲ್ಲ ಯೂನಿಕೋಡ್ ಒಂದು ಉದ್ದನೆಯ ನಿಯಮಾವಳಿಯನ್ನೇ ಬರೆದಿಟ್ಟಿದೆ. ಅದರೊಳಗಿನ ಜಾಣತನ ನೋಡಿ: ಮೊದಲು ಸಾಲು ಮುರಿಯಬೇಕು, ಆಮೇಲೆ ಸಾಲುಸಾಲಾಗಿ ದಿಕ್ಕು ತಿರುಗಿಸಬೇಕು. ಉಲ್ಟಾ ಮಾಡಿದರೆ ಉದ್ದನೆಯ ಉರ್ದು ವಾಕ್ಯದ ಕೊನೆ ಮೇಲಿನ ಸಾಲಿನಲ್ಲಿ, ಆರಂಭ ಕೆಳಗಿನ ಸಾಲಿನಲ್ಲಿ ಬಿದ್ದೀತು.

ಎತ್ತರದ ಪಂಚಾಯಿತಿಯೂ ಇದೆ. ಕನ್ನಡದ ಒತ್ತುಗಳು ಕೆಳಗೆ ಇಳಿಬಿದ್ದಿವೆ. ಉರ್ದುವಿನ ನಸ್ತಾಲೀಕ್ ಬರಹವಂತೂ ಬಲಮೇಲಿನಿಂದ ಎಡಕೆಳಕ್ಕೆ ಮೆಟ್ಟಿಲಿಳಿದಂತೆ ಜಾರುತ್ತದೆ. ಪುಟ ಕಟ್ಟಿದವರು ಎತ್ತರವನ್ನು ಬ್ರೌಸರಿಗೇ ಬಿಟ್ಟಿದ್ದರೆ, ಪ್ರತಿ ಫಾಂಟೂ ತನಗೆ ಮೇಲೆಷ್ಟು ಕೆಳಗೆಷ್ಟು ಬೇಕೆಂದು ಹೇಳಿ, ಎಲ್ಲಕ್ಕಿಂತ ಹೆಚ್ಚು ಕೇಳಿದ್ದಕ್ಕೆ ಒಪ್ಪುವಷ್ಟು ಸಾಲು ಹಿಗ್ಗುತ್ತದೆ. ಇಂಗ್ಲಿಷಿನ ಅಳತೆಗೆ ಬಿಗಿಮಾಡಿದ್ದರೆ ಮುಗಿಯಿತು. ಒತ್ತಕ್ಷರದ ಬಾಲ ಕತ್ತರಿಸಿಹೋದ ಬಟನ್‌ಗಳನ್ನು ನಾವೆಲ್ಲ ನೋಡಿಯೇ ಇದ್ದೇವೆ. ತಪ್ಪು ಬ್ರೌಸರಿನದಲ್ಲ.

ಒಂದು ಕಡೆ ಮಾತ್ರ ನಮ್ಮವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗಬೇಕು. ಯಾವುದನ್ನು ಬಿಡಿಸಲಾಗದ ಒಂದು ಗುಂಪೆಂದು ಎಣಿಸಬೇಕು ಎಂಬ ಮೂಲ ನಿಯಮಕ್ಕೆ 2023ರಲ್ಲಿ, ಯೂನಿಕೋಡ್ 15.1ರಲ್ಲಿ, ಭಾರತೀಯ ಒತ್ತಕ್ಷರಗಳ ಕಟ್ಟಳೆ ಸೇರಿತು. ಆ ಪಟ್ಟಿಯಲ್ಲಿ ತೆಲುಗು ಇತ್ತು, ಮಲಯಾಳಂ ಇತ್ತು, ಕನ್ನಡ ಇರಲಿಲ್ಲ! ಆ ಆವೃತ್ತಿಯ ಮೂಲ ನಿಯಮದಂತೆ ತೆಲುಗಿನ ‘ಸ್ತ್ರೀ’ ಒಂದೇ ಗುಂಪು. ಕನ್ನಡದ್ದು ಸ್, ತ್, ರೀ ಎಂದು ಮೂರು.

ಈಗ ಫೋನನ್ನು ಅಡ್ಡ ಮಾಡಿ. ಅಗಲ ಬದಲಾಯಿತು, ಸಾಲು ಮುರಿಯುವ ಜಾಗಗಳೆಲ್ಲ ಸುಳ್ಳಾದವು. ಮತ್ತೆ ಎಲ್ಲ ಮೊದಲಿನಿಂದಲೇ? ಅಲ್ಲ! 2019ರಲ್ಲಿ ಕ್ರೋಮ್ ತನ್ನ ಎಂಜಿನ್ನಿನ ಜೋಡಣೆಯ ಭಾಗವನ್ನು ಹೊಸದಾಗಿ ಬರೆದಾಗ ಪ್ಯಾರಾ ಪೂರ್ತಿ ಒಮ್ಮೆ ರೂಪಿಸಿ ಆ ಫಲವನ್ನು ನೆನಪಿಟ್ಟುಕೊಳ್ಳುವ ಏರ್ಪಾಟು ಮಾಡಿಕೊಂಡಿತು. ಎಲ್ಲಿ ಕತ್ತರಿಸಿದರೆ ಅಕ್ಷರಗಳ ರೂಪ ಕೆಡುವುದಿಲ್ಲ ಎಂಬುದನ್ನು ಹಾರ್ಫ್‌ಬಜ್ ಮೊದಲೇ ಗುರುತು ಹಾಕಿ ಕೊಟ್ಟಿರುತ್ತದೆ. ಹೊಸ ಸಾಲಿನ ತುದಿ ಅಂಥ ಜಾಗಕ್ಕೆ ಬಿದ್ದರೆ ಏನನ್ನೂ ಮತ್ತೆ ರೂಪಿಸಬೇಕಿಲ್ಲ. ಇಲ್ಲದಿದ್ದರೆ ಆ ತುದಿಯ ಸುತ್ತಲಿನ ಕೆಲವು ಅಕ್ಷರ ಮಾತ್ರ. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವ ಫೋನಿನಲ್ಲಿ ಇಷ್ಟಕ್ಕೆಲ್ಲ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡು. ಅದರಲ್ಲೇ ಬಣ್ಣ ಬಳಿಯುವುದೂ ಮುಗಿಯಬೇಕು!