ನಗರದ ವಾರಪತ್ರಿಕೆಗಳು: ನೋಂದಣಿ ಮತ್ತು ಓದುಗರ ದೂರು – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ, ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಮಂಗಳೂರಿನಿಂದ ಹೊರಬಂದಿತು. 1980ರಲ್ಲಿ ಪಿ. ಲಂಕೇಶ್ ಅವರು ಬೆಂಗಳೂರಿನಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ಯು ಜಾಹೀರಾತನ್ನು ಸ್ವೀಕರಿಸದೆ, ಓದುಗರು ನೀಡುವ ಬೆಲೆಯನ್ನೇ ನೆಚ್ಚಿ ನಡೆಯಿತು. ವಾರ್ಡಿನ ಕುಡಿಯುವ ನೀರು, ಚರಂಡಿ, ಮಾರುಕಟ್ಟೆಯ ಹರಾಜು ಮುಂತಾದ ವಿಷಯಗಳಿಗೆ ದೊಡ್ಡ ದಿನಪತ್ರಿಕೆಗಳಲ್ಲಿ ಸ್ಥಳ ದೊರೆಯದಿದ್ದಾಗ ಸ್ಥಳೀಯ ವಾರಪತ್ರಿಕೆಯೇ ನಾಗರಿಕರ ಅಹವಾಲಿಗೆ ಆಸರೆಯಾಗುತ್ತದೆ. ಆದುದರಿಂದ ಪತ್ರಿಕೆ ಆರಂಭಿಸಲಿಚ್ಛಿಸುವವರಿಗೂ, ವರದಿಯಿಂದ ಬಾಧಿತರಾದವರಿಗೂ ಉಪಯುಕ್ತವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

1. ಅನ್ವಯವಾಗುವ ಕಾನೂನು

1867ರ ಮುದ್ರಣಾಲಯ ಮತ್ತು ಪುಸ್ತಕಗಳ ನೋಂದಣಿ ಅಧಿನಿಯಮದ ಸ್ಥಾನದಲ್ಲಿ, 2023ರ ಪತ್ರಿಕಾ ಮತ್ತು ನಿಯತಕಾಲಿಕೆಗಳ ನೋಂದಣಿ ಅಧಿನಿಯಮವು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಸುದ್ದಿ ಅಥವಾ ಅದರ ಮೇಲಿನ ಟೀಕೆ ಟಿಪ್ಪಣಿಗಳನ್ನು ನಿಯತವಾಗಿ ಪ್ರಕಟಿಸುವ ಪತ್ರಿಕೆಗಳಿಗೆ ಇದು ಅನ್ವಯಿಸುತ್ತದೆ. ಪುಸ್ತಕಗಳು ಹಾಗೂ ವೈಜ್ಞಾನಿಕ, ಶೈಕ್ಷಣಿಕ ನಿಯತಕಾಲಿಕೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

2. ನೋಂದಣಿಯ ವಿಧಾನ

ಅ) ಶೀರ್ಷಿಕೆ ಹಾಗೂ ನೋಂದಣಿಗೆ ಪ್ರೆಸ್ ಸೇವಾ ಪೋರ್ಟಲ್ ಮೂಲಕ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರಿಗೆ ಏಕಕಾಲದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹಿಂದಿನಂತೆ ಜಿಲ್ಲಾ ದಂಡಾಧಿಕಾರಿಗಳ ಮುಂದೆ ಘೋಷಣೆ ಮಾಡಿಕೊಳ್ಳುವ ಅವಶ್ಯಕತೆ ಇರುವುದಿಲ್ಲ.

ಆ) ಅರ್ಜಿಯ ಪ್ರತಿಯು ನಿರ್ದಿಷ್ಟಪಡಿಸಿದ ಪ್ರಾಧಿಕಾರಕ್ಕೆ ತಲುಪುತ್ತದೆ. ಸದರಿ ಪ್ರಾಧಿಕಾರವು ತನ್ನ ನಿರಾಕ್ಷೇಪಣೆ ಅಥವಾ ಅಭಿಪ್ರಾಯವನ್ನು 60 ದಿನಗಳೊಳಗೆ ತಿಳಿಸಬೇಕಾಗಿರುತ್ತದೆ.

ಇ) ದೇಶದ ಯಾವುದೇ ಭಾಗದಲ್ಲಿ ಅದೇ ಭಾಷೆಯಲ್ಲಿ, ಅಥವಾ ಅದೇ ರಾಜ್ಯದಲ್ಲಿ ಬೇರೆ ಯಾವುದೇ ಭಾಷೆಯಲ್ಲಿ, ಮತ್ತೊಬ್ಬ ಮಾಲೀಕರು ಹೊಂದಿರುವ ಶೀರ್ಷಿಕೆಯನ್ನು ಅಥವಾ ಅದನ್ನು ಹೋಲುವ ಶೀರ್ಷಿಕೆಯನ್ನು ನೀಡಲಾಗುವುದಿಲ್ಲ. ಆದುದರಿಂದ ಅರ್ಜಿದಾರರು ಮೊದಲೇ ಪರಿಶೀಲಿಸಿಕೊಳ್ಳುವುದು ಸೂಕ್ತ.

ಈ) ಹಳೆಯ ಅಧಿನಿಯಮದಡಿ ನೋಂದಣಿಯಾದ ಪತ್ರಿಕೆಗಳನ್ನು ಹೊಸ ಅಧಿನಿಯಮದಡಿ ನೋಂದಣಿಯಾದವೆಂದೇ ಪರಿಗಣಿಸಲಾಗುವುದು. ಪ್ರಕಾಶಕರು ಪ್ರತಿ ವರ್ಷ ವಾರ್ಷಿಕ ವಿವರಣಾ ಪಟ್ಟಿಯನ್ನು ಸಲ್ಲಿಸತಕ್ಕದ್ದು.

3. ದಂಡನೆ ಮತ್ತು ಮೇಲ್ಮನವಿ

ನೋಂದಣಿಯಿಲ್ಲದೆ ಪತ್ರಿಕೆ ಪ್ರಕಟಿಸಿದಲ್ಲಿ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಪ್ರಕಟಣೆ ನಿಲ್ಲಿಸುವಂತೆ ನಿರ್ದೇಶನ ನೀಡಿದ ನಂತರವೂ 6 ತಿಂಗಳೊಳಗೆ ಅದನ್ನು ಪಾಲಿಸದಿದ್ದಲ್ಲಿ 6 ತಿಂಗಳವರೆಗೆ ಕಾರಾವಾಸ ವಿಧಿಸಬಹುದಾಗಿದೆ. ನೋಂದಣಿ ನಿರಾಕರಣೆ, ಅಮಾನತು, ರದ್ದತಿ ಅಥವಾ ದಂಡದ ಆದೇಶದಿಂದ ಬಾಧಿತರಾದವರು 60 ದಿನಗಳೊಳಗೆ ಮೇಲ್ಮನವಿ ಮಂಡಳಿಯ ಮೊರೆ ಹೋಗಬಹುದು.

4. ಓದುಗರ ದೂರು

ಸಣ್ಣ ಊರಿನಲ್ಲಿ ಒಂದು ತಪ್ಪು ವರದಿಯು ಒಬ್ಬರ ವ್ಯಾಪಾರವನ್ನು, ಒಂದು ಕುಟುಂಬದ ಮಾನವನ್ನು ಕೆಡಿಸಬಲ್ಲದು. ಅಂತಹ ಸಂದರ್ಭದಲ್ಲಿ ಬಾಧಿತರು ಮೊದಲು ಸಂಪಾದಕರಿಗೆ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿ, ಪತ್ರದ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಭಾರತೀಯ ಪತ್ರಿಕಾ ಮಂಡಳಿಗೆ ದೂರು ನೀಡಬಹುದು. ದಿನಪತ್ರಿಕೆ ಹಾಗೂ ವಾರಪತ್ರಿಕೆಗಳ ವಿಷಯದಲ್ಲಿ ಪ್ರಕಟಣೆಯ ದಿನಾಂಕದಿಂದ 2 ತಿಂಗಳು, ಇತರ ಪ್ರಕರಣಗಳಲ್ಲಿ 4 ತಿಂಗಳು ಕಾಲಾವಕಾಶವಿರುತ್ತದೆ. ದೂರಿನೊಂದಿಗೆ ಸದರಿ ವರದಿಯ ಪ್ರತಿ, ಸಂಪಾದಕರಿಗೆ ಬರೆದ ಪತ್ರದ ಪ್ರತಿ ಹಾಗೂ ವಿಷಯವು ನ್ಯಾಯಾಲಯದಲ್ಲಿ ಬಾಕಿ ಇಲ್ಲವೆಂಬ ಘೋಷಣೆಯನ್ನು ಲಗತ್ತಿಸತಕ್ಕದ್ದು.

1978ರ ಅಧಿನಿಯಮದಂತೆ ಮಂಡಳಿಯು ಪತ್ರಿಕೆಗೆ ಎಚ್ಚರಿಕೆ ನೀಡಬಹುದು, ಛೀಮಾರಿ ಹಾಕಬಹುದು ಅಥವಾ ಖಂಡಿಸಬಹುದು. ಆದರೆ ದಂಡ ವಿಧಿಸುವ ಅಥವಾ ನಷ್ಟಪರಿಹಾರ ಕೊಡಿಸುವ ಅಧಿಕಾರ ಅದಕ್ಕಿಲ್ಲ. ನಷ್ಟಪರಿಹಾರ ಬಯಸುವವರು ನ್ಯಾಯಾಲಯವನ್ನೇ ಆಶ್ರಯಿಸಬೇಕಾಗುತ್ತದೆ. ದೂರದರ್ಶನ ವಾಹಿನಿಗಳ ವಿರುದ್ಧದ ದೂರುಗಳು ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ.

5. ಸಾರ್ವಜನಿಕರ ಗಮನಕ್ಕೆ

ವರದಿ ಪ್ರಕಟಿಸುವುದಾಗಿ ಬೆದರಿಸಿ ಹಣ ಕೇಳುವುದು ಅಪರಾಧವಾಗಿದ್ದು, ಅಂತಹ ಬೇಡಿಕೆ ಬಂದಲ್ಲಿ ಹಣ ನೀಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬೇಕೆಂದು ಕೋರಲಾಗಿದೆ. ಹಾಗೆಯೇ, ಹೆಸರು ಬದಲಾವಣೆ ಅಥವಾ ದಾಖಲೆ ಕಳೆದುಹೋದ ಬಗ್ಗೆ ಪ್ರಕಟಣೆ ನೀಡುವ ಮುನ್ನ ಪತ್ರಿಕೆಯು ನೋಂದಾಯಿತವೇ ಎಂಬುದನ್ನೂ, ಸಂಬಂಧಿಸಿದ ಕಛೇರಿಯು ಆ ಪತ್ರಿಕೆಯ ಪ್ರಕಟಣೆಯನ್ನು ಅಂಗೀಕರಿಸುವುದೇ ಎಂಬುದನ್ನೂ ಖಚಿತಪಡಿಸಿಕೊಳ್ಳುವುದು.