ತಿರುವಿನಲ್ಲಿ ಟೈರ್ ಸಪಾಟಾಗಿರಬೇಕು!

ಇಂಜಿನ್ ಎಷ್ಟೇ ಜೋರಾಗಿರಲಿ, ಕಾರು ರಸ್ತೆಯನ್ನು ಮುಟ್ಟೋದು ನಾಲ್ಕು ಟೈರ್‌ಗಳ ಪುಟ್ಟ ಪಟ್ಟಿಗಳಲ್ಲಿ ಮಾತ್ರ. ಅವು ನೆಲಕ್ಕೆ ಸಪಾಟಾಗಿ ಕೂತರೆ ಹಿಡಿತ. ಓರೆಯಾದರೆ ಜಾರಾಟ.

ವೇಗದಲ್ಲಿ ತಿರುವು ತಗೊಂಡಾಗ ಕಾರಿನ ಮೈ ಹೊರಗಡೆ ವಾಲುತ್ತೆ. ಹೊರಬದಿಯ ಚಕ್ರವೂ ಓರೆಯಾಗಿ, ಭಾರ ಟೈರಿನ ಅಂಚಿಗೆ ಬೀಳುತ್ತೆ. ಸಾಮಾನ್ಯ ಕಾರುಗಳ ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಷನ್‌ನಲ್ಲಿ ಇದನ್ನು ಸರಿಪಡಿಸೋ ಅವಕಾಶ ಕಡಿಮೆ. ಅಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸೋ ಹೊಣೆಯೂ ಶಾಕ್ ಅಬ್ಸಾರ್ಬರ್‌ದೇ.

ಈಗ 2021ರ ಪೋರ್ಷೆ 911 ಜಿಟಿ3 ನೋಡಿ. ಇದರ ಮುಂದಿನ ಚಕ್ರಗಳಿಗೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಬಂತು. ರಸ್ತೆಗಿಳಿಯೋ 911ರಲ್ಲಿ ಇದೇ ಮೊದಲು. ಪ್ರೇರಣೆ, 911 ಆರ್‌ಎಸ್‌ಆರ್ ರೇಸ್ ಕಾರು.

ಮೇಲೊಂದು ತೋಳು, ಕೆಳಗೊಂದು ತೋಳು. ಕಾರು ವಾಲಿ ಚಕ್ರ ಮೇಲೇರಿದಂತೆ, ಮೇಲಿನ ತೋಳು ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತೆ. ಟೈರ್ ಸಪಾಟಾಗಿ ಉಳಿಯುತ್ತೆ! ಪಕ್ಕದ ಒತ್ತಡವನ್ನು ತೋಳುಗಳೇ ಹೊರುತ್ತವೆ. ಶಾಕ್ ಅಬ್ಸಾರ್ಬರ್‌ಗೆ ಉಬ್ಬುತಗ್ಗು ನುಂಗೋದಷ್ಟೇ ಕೆಲಸ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರಿನ ಮೂತಿ ತಿರುಗುತ್ತೆ.

ಹಿಂದಿನ ಜಿಟಿ3ಗಿಂತ ಇಂಜಿನ್‌ಗೆ ಸಿಕ್ಕಿದ್ದು ಬರೀ 10 ಕುದುರೆಶಕ್ತಿ ಹೆಚ್ಚು. ಆದರೆ ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್‌ನ ಒಂದು ಸುತ್ತಿನಲ್ಲಿ 17 ಸೆಕೆಂಡಿಗೂ ಹೆಚ್ಚು ಉಳಿಯಿತು! ಹೊಸ ರೆಕ್ಕೆ, ಟೈರ್‌ಗಳ ಜೊತೆ ಈ ಸಸ್ಪೆನ್ಷನ್‌ಗೂ ಅದರಲ್ಲಿ ದೊಡ್ಡ ಪಾಲಿದೆ.

ಹಾಗಾಗಿ ಸ್ಪೋರ್ಟ್ಸ್ ಕಾರು ಕಂಡಾಗ ಕುದುರೆಶಕ್ತಿ ಎಷ್ಟು ಅಂತ ಕೇಳೋ ಮುಂಚೆ, ಸಸ್ಪೆನ್ಷನ್ ಯಾವುದು ಅಂತ ಕೇಳಿ.