"ಕರೆಂಟ್ ಕೊಡ್ತಾರಂತೆ, ಟೀಚರ್!"

ಬೊರಿವಲಿಯಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಎಂಟನೇ ತರಗತಿಯ ಹುಡುಗಿಯೊಬ್ಬಳು ಒಂದು ಸಂಜೆ ಎಲ್ಲರೂ ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದಳು. "ಟೀಚರ್, ಅಮ್ಮಿಗೆ ಆಸ್ಪತ್ರೆಯಲ್ಲಿ ಕರೆಂಟ್ ಕೊಡ್ತಾರಂತೆ. ಅಮ್ಮಿಗೆ ಏನೂ ಆಗಲ್ಲ ಅಲ್ವಾ?" ಅಂದಳು.

ಅವಳ ತಾಯಿ ಹೆರಿಗೆಯಾದ ಕೆಲವು ವಾರಗಳಲ್ಲಿ ಮಾತು ಬಿಟ್ಟಿದ್ದರು. ಆಮೇಲೆ ಊಟ ಬಿಟ್ಟರು. ಕೂರಿಸಿದರೆ ಕೂತಲ್ಲೇ, ಕೈ ಎತ್ತಿ ಹಿಡಿದರೆ ಕೈ ಹಾಗೆಯೇ. ಮನೆಯವರು ಮೊದಲು ನಜರ್ ಅಂದರು, ಆಮೇಲೆ ಅಸರ್ ಅಂದರು, ತಾವೀಜ್ ಕಟ್ಟಿಸಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ನೀರೂ ಗಂಟಲಿಗೆ ಇಳಿಯುತ್ತಿರಲಿಲ್ಲ. ಔಷಧಿಗೆ ಬಗ್ಗಲಿಲ್ಲವೆಂದು ವೈದ್ಯರು ಇಸಿಟಿ ಸೂಚಿಸಿದ್ದರು. ನಾನಿ ಮಾತ್ರ "ಶಾಕ್ ಬೇಡವೇ ಬೇಡ" ಅಂತ ಹಟ ಹಿಡಿದಿದ್ದರು.

ಬಿ.ಎಡ್.ನಲ್ಲಿ ಮನೋವಿಜ್ಞಾನ ಓದಿದವಳು ನಾನು. ಆದರೆ ಆ ಹುಡುಗಿಗೆ ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ತಲೆಯಲ್ಲೂ ಇದ್ದದ್ದು ಹಿಂದಿ ಸಿನಿಮಾದ ದೃಶ್ಯವೇ: ಕೈಕಾಲು ಕಟ್ಟಿದ ನಾಯಕಿ, ಅವಳ ಚೀರಾಟ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಸಿಟಿ ಅಂದರೆ ಎಲೆಕ್ಟ್ರೋಕನ್ವಲ್ಸಿವ್ ಥೆರಪಿ. ಮೆದುಳಿಗೆ ಕೆಲವೇ ಸೆಕೆಂಡು ನಿಯಂತ್ರಿತ ವಿದ್ಯುತ್ ಹರಿಸಿ ಸಣ್ಣದೊಂದು ಫಿಟ್ಸ್ ಬರಿಸುವ ಚಿಕಿತ್ಸೆ. 1938ರಲ್ಲಿ ರೋಮ್‌ನಲ್ಲಿ ಊಗೊ ಚೆರ್ಲೆಟ್ಟಿ ಮತ್ತು ಲೂಚೊ ಬಿನಿ ಇದನ್ನು ಮೊದಲು ಮನುಷ್ಯರ ಮೇಲೆ ಬಳಸಿದರು. ಆಗ ಅರಿವಳಿಕೆ ಇರಲಿಲ್ಲ. ಫಿಟ್ಸ್‌ನ ರಭಸಕ್ಕೆ ಕೆಲವರ ಮೂಳೆ ಮುರಿದದ್ದೂ ಉಂಟು. ಹಾಗಾಗಿ ನಾನಿಯ ಭಯ ಪೂರ್ತಿ ಸುಳ್ಳಲ್ಲ. ಅದು ಹಳೆಯ ಕಾಲದ ಭಯ, ಅಷ್ಟೇ.

ಈಗ ನಡೆಯುವ ರೀತಿ ಬೇರೆ. ರೋಗಿ ಖಾಲಿ ಹೊಟ್ಟೆಯಲ್ಲಿ ಬರಬೇಕು. ಅರಿವಳಿಕೆ ತಜ್ಞರು ನಿದ್ದೆ ಬರಿಸುತ್ತಾರೆ, ಸ್ನಾಯು ಸಡಿಲವಾಗುವ ಇಂಜೆಕ್ಷನ್ ಕೊಡುತ್ತಾರೆ, ಆಮ್ಲಜನಕ ಹಾಕುತ್ತಾರೆ. ಫಿಟ್ಸ್ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಮೈ ಹೆಚ್ಚು ಅಲುಗುವುದೂ ಇಲ್ಲ, ರೋಗಿಗೆ ಗೊತ್ತಾಗುವುದೂ ಇಲ್ಲ. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು ಆರರಿಂದ ಹನ್ನೆರಡು ಸಲ ಕೊಡುವುದು ರೂಢಿ.

ಇದರಿಂದ ಪ್ರಯೋಜನ ಇದೆಯಾ? 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಬ್ರಿಟನ್ನಿನ ತಜ್ಞರ ಒಂದು ಪರಿಶೀಲನೆಯನ್ನು ಪ್ರಕಟಿಸಿತು. ಬರೀ ಅರಿವಳಿಕೆ ಕೊಟ್ಟು ವಿದ್ಯುತ್ ಕೊಡದವರಿಗಿಂತ, ಬರೀ ಔಷಧಿ ತೆಗೆದುಕೊಂಡವರಿಗಿಂತ, ಇಸಿಟಿ ಪಡೆದ ಖಿನ್ನತೆಯ ರೋಗಿಗಳು ಹೆಚ್ಚು ಸುಧಾರಿಸಿದ್ದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಈ ಸಂಶೋಧನೆಯಲ್ಲಿ ದೊಡ್ಡ ಹೆಸರು. ಅಲ್ಲಿನ ಡಾ. ಬಿ.ಎನ್. ಗಂಗಾಧರ್ ಮತ್ತು ಸಂಗಡಿಗರು 1980ರ ದಶಕದಿಂದಲೇ ಇದರ ಮೇಲೆ ಕೆಲಸ ಮಾಡಿದ್ದಾರೆ. 2013ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಅಧ್ಯಯನವೊಂದರಲ್ಲಿ 122 ಸ್ಕಿಜೋಫ್ರೇನಿಯಾ ರೋಗಿಗಳಿದ್ದರು. ವಿದ್ಯುತ್ ಹರಿಸುವ ತಟ್ಟೆಗಳನ್ನು ಕಣತಲೆಯ ಬದಲು ಹಣೆಯ ಮೇಲೆ ಇಟ್ಟಾಗ ಗುಣ ಬೇಗ ಕಂಡಿತು, ನೆನಪಿನ ತೊಂದರೆಯೂ ಕಡಿಮೆ ಇತ್ತು.

ಆ ತಾಯಿಯ ಸ್ಥಿತಿಗೆ ಕ್ಯಾಟಟೋನಿಯಾ ಅನ್ನುತ್ತಾರೆ. ಅದಕ್ಕೆ ಮೊದಲು ಲೋರಾಜೆಪಾಮ್ ಕೊಡುತ್ತಾರೆ, ಅದು ನಾಟದಿದ್ದರೆ ಇಸಿಟಿ. ಅನ್ನ ನೀರು ಬಿಟ್ಟವರಿಗೆ ವಾರಗಟ್ಟಲೆ ಕಾಯುವಷ್ಟು ಸಮಯ ಇರುವುದಿಲ್ಲ.

ಹಾಗಂತ ಇದು ಜಾದೂ ಅಲ್ಲ. ಇದು ಹೇಗೆ ಗುಣ ಮಾಡುತ್ತದೆ ಅನ್ನುವುದು ವಿಜ್ಞಾನಕ್ಕೆ ಇನ್ನೂ ಪೂರ್ತಿ ಬಿಡಿಸಿಲ್ಲ. ಖಿನ್ನತೆ ಗುಣವಾಯಿತೆಂದು ಔಷಧಿ ಬಿಟ್ಟರೆ ಮರುಕಳಿಸುತ್ತದೆ: 2001ರ ಅಮೆರಿಕದ ಅಧ್ಯಯನದಲ್ಲಿ, ಇಸಿಟಿಯ ನಂತರ ಔಷಧಿಯಿಲ್ಲದ ಗುಂಪಿನ ನೂರಕ್ಕೆ 84 ಜನರಿಗೆ ಆರು ತಿಂಗಳೊಳಗೆ ಕಾಯಿಲೆ ಮರಳಿತು. ನೆನಪಿನ ಪ್ರಶ್ನೆಯೂ ಇದೆ. ಹೊಸದನ್ನು ಕಲಿಯುವ ಶಕ್ತಿ ಬಹುತೇಕರಿಗೆ ಕೆಲವೇ ವಾರಗಳಲ್ಲಿ ಮರಳುತ್ತದೆ. ಆದರೆ ಚಿಕಿತ್ಸೆಯ ಆಸುಪಾಸಿನ ಕೆಲವು ಘಟನೆಗಳು ಶಾಶ್ವತವಾಗಿ ಅಳಿಸಿಹೋಗಬಹುದು. ರೋಗಿಗಳ ಮಾತನ್ನೇ ಆಧರಿಸಿದ 2003ರ ಬ್ರಿಟಿಷ್ ಪರಿಶೀಲನೆ, ಕನಿಷ್ಠ ಮೂರರಲ್ಲಿ ಒಬ್ಬರು ಇಂಥ ನಷ್ಟ ಹೇಳಿಕೊಂಡದ್ದನ್ನು ದಾಖಲಿಸಿತು. ಸಹಿ ಹಾಕುವ ಮೊದಲು ಮನೆಯವರು ಇದನ್ನು ಕೇಳಿ ತಿಳಿಯಲೇಬೇಕು.

ಕಾನೂನೂ ನಮ್ಮ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವಂತಿಲ್ಲ. ಅಪ್ರಾಪ್ತರಿಗಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಂಡಳಿಯ ಪೂರ್ವಾನುಮತಿ ಬೇಕು. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ.

ಈ ಎರಡನೇ ಮಾತು ನಮ್ಮ ಸಮುದಾಯಕ್ಕೆ ನೇರವಾಗಿ ತಟ್ಟಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಅವರನ್ನು ಅಲ್ಲಿಗೆ ಕರೆತಂದವರೂ ಗುಣವಾಗಲಿ ಎಂದೇ ಬಂದಿದ್ದರು. ದುವಾ ಮಾಡುವುದು ಬೇಡ ಅಂತ ಯಾವ ವೈದ್ಯರೂ ಹೇಳುವುದಿಲ್ಲ. ಆದರೆ ದುವಾ ಮಾಡುತ್ತಲೇ ಆಸ್ಪತ್ರೆಗೂ ಹೋಗಬಹುದಲ್ಲ? ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಬೀಮಾರಿಸ್ತಾನದಲ್ಲಿ ಮಾನಸಿಕ ರೋಗಿಗಳಿಗೂ ಜಾಗ ಇತ್ತು. ಚಿಕಿತ್ಸೆ ನಮಗೆ ಹೊಸದೇನಲ್ಲ.

ಎಲ್ಲಿಗೆ ಹೋಗಬೇಕು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನಾನಿ ಕೊನೆಗೆ ಒಪ್ಪಿದರು, ವೈದ್ಯರ ಹತ್ತಿರ ಒಂದೊಂದೇ ಪ್ರಶ್ನೆ ಕೇಳಿದ ಮೇಲೆ. ಮೂರನೇ ಸಲದ ನಂತರ ಆ ತಾಯಿ ಚಹಾ ಕೇಳಿದರಂತೆ. ಈಗ ಮನೆಯಲ್ಲಿದ್ದಾರೆ, ಮಾತ್ರೆ ನಡೆಯುತ್ತಿದೆ. ಮಗುವಿಗೆ ಹೆಸರಿಟ್ಟ ದಿನ ಅವರಿಗೆ ನೆನಪಿಲ್ಲ. ಮಗಳು ಮೊಬೈಲ್‌ನಲ್ಲಿನ ಫೋಟೋ ತೋರಿಸುತ್ತಾ, ಯಾರ್ಯಾರು ಬಂದಿದ್ದರು, ಏನು ಅಡುಗೆಯಾಗಿತ್ತು ಅಂತ ಅಮ್ಮಿಗೆ ಹೇಳುತ್ತಿರುತ್ತಾಳೆ.